ಮನೆಯ ಮಾತು: ಭೀಮನಿಗೊಂದು ರಥ

ಹೊರನಾಡಿನಲ್ಲಿ ನೆಲಸಿದ ನಮ್ಮಂಥವರ ಮನೆಗಳಲ್ಲಿ ವರ್ಷಕ್ಕೊಮ್ಮೆಯಾದರೂ ಏಳುವ ಪ್ರಶ್ನೆ ಒಂದೇ: "ಈ ಸಲ ಊರಿಗೆ ಯಾವಾಗ?" ರಜೆ ಸಿಕ್ಕಿತೆ, ಟಿಕೆಟ್ಟು ಸಿಕ್ಕಿತೆ, ಮಕ್ಕಳ ಪರೀಕ್ಷೆ ಮುಗಿಯಿತೆ ಎಂಬ ಉಪಪ್ರಶ್ನೆಗಳು ಎಲ್ಲರ ಮನೆಯಲ್ಲಿಯೂ ಇದ್ದದ್ದೇ. ನಮ್ಮ ಮನೆಯಲ್ಲಿ ಮಾತ್ರ ಆರು ವರ್ಷಗಳಿಂದ ಇನ್ನೊಂದು ಉಪಪ್ರಶ್ನೆ ಸೇರಿಕೊಂಡಿತ್ತು: "ಭೀಮನನ್ನು ಏನು ಮಾಡುವುದು?"

ಭೀಮನೆಂದರೆ ನಮ್ಮ ನಾಯಿ. ಪುಣೆಯಲ್ಲಿ ನಮ್ಮ ನೆರೆಯಲ್ಲಿದ್ದ ಗೃಹಸ್ಥರೊಬ್ಬರು ಪರದೇಶಕ್ಕೆ ವರ್ಗವಾಗಿ ಹೊರಟಾಗ, "ಎರಡು ತಿಂಗಳ ಮಟ್ಟಿಗೆ ನೋಡಿಕೊಳ್ಳಿ" ಎಂದು ಒಂದು ಮರಿಯನ್ನು ನಮ್ಮ ಹೊಸ್ತಿಲೊಳಗೆ ಬಿಟ್ಟು ಹೋದರು. ಆ ಎರಡು ತಿಂಗಳು ಇನ್ನೂ ಮುಗಿದಿಲ್ಲ. ಮರಿ ಮಾತ್ರ ಬೆಳೆಯಿತು. ಮೊದಲು ಕುರಿಯಷ್ಟಾಯಿತು, ಆಮೇಲೆ ಕರುವಿನಷ್ಟಾಯಿತು. ಈಗ ಭೀಮನ ಭುಜದ ಎತ್ತರ ೮೨ ಸೆಂಟಿಮೀಟರು, ತೂಕ ೬೨ ಕಿಲೋ. ನಮ್ಮ ಊಟದ ಮೇಜಿನ ಮೇಲೇನಿದೆಯೆಂಬುದನ್ನು ಅವನು ಕತ್ತೆತ್ತದೆಯೇ ನೋಡಬಲ್ಲ.

ಗ್ರೇಟ್ ಡೇನ್ ಎಂಬುದು ಈ ತಳಿಯ ಹೆಸರು. ಹೆಸರಿನಲ್ಲಿ ಡೆನ್ಮಾರ್ಕು ಇದ್ದರೂ ಇದನ್ನು ಬೆಳೆಸಿದವರು ಜರ್ಮನರು. ಕಾಡುಹಂದಿಯ ಬೇಟೆಗೆ ಬಳಸುತ್ತಿದ್ದರು. ಗಂಡು ನಾಯಿ ಭುಜದಲ್ಲಿ ೮೦ ಸೆಂ.ಮೀ.ಗಿಂತ ಕಡಿಮೆ ಇರಬಾರದೆಂದು ಅದರ ಲಕ್ಷಣಗ್ರಂಥ ಹೇಳುತ್ತದೆ. ಅಮೆರಿಕದ ಮಿಶಿಗನ್ ಪ್ರಾಂತದ ಜ್ಯೂಸ್ ಎಂಬ ಗ್ರೇಟ್ ಡೇನ್ ೨೦೧೧ರಲ್ಲಿ ೧೧೧.೮ ಸೆಂ.ಮೀ. ಅಳೆಸಿಕೊಂಡು ಗಿನ್ನೆಸ್ ದಾಖಲೆಯ ಪುಸ್ತಕ ಸೇರಿತು. ಆ ಲೆಕ್ಕದಲ್ಲಿ ನಮ್ಮ ಭೀಮ ಕುಳ್ಳನೇ. ಆದರೆ ಈ ಸಮಾಧಾನ ನಮ್ಮ ಕಾರಿಗೆ ತಿಳಿಯಬೇಕಲ್ಲ!

"ಅಷ್ಟು ದೊಡ್ಡ ಪರದೇಶದ ನಾಯಿ ಏತಕ್ಕೆ? ನಮ್ಮ ಮುಧೋಳದ ನಾಯಿ ಇರಲಿಲ್ಲವೆ?" ಎಂದು ಸಂಘದ ಹಿರಿಯರೊಬ್ಬರು ಪ್ರತಿ ಯುಗಾದಿಗೂ ನನ್ನನ್ನು ಕೇಳುತ್ತಾರೆ. ಅವರ ಅಭಿಮಾನ ಸರಿಯಾದದ್ದೇ. ಮುಧೋಳ ನಾಯಿಯ ಚಿತ್ರ ೨೦೦೫ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಬಂದಿದೆ. ಅದೂ ಎತ್ತರದ ನಾಯಿಯೇ. ಗಂಡು ೭೦ ಸೆಂ.ಮೀ. ಆಜುಬಾಜಿನಲ್ಲಿ ನಿಲ್ಲುತ್ತದೆ. ಆದರೆ ತೂಕ ೨೫ ಕಿಲೋದ ಸುತ್ತಮುತ್ತ. ಕಾರಿನ ಬಾಗಿಲು ತೆಗೆದರೆ ಗಾಳಿಯಂತೆ ಒಳಗೆ ನೆಗೆದೀತು, ನೆಗೆಯಲಾರದಿದ್ದರೆ ಒಬ್ಬರೇ ಎತ್ತಿ ಕೂರಿಸಬಹುದು. ಭೀಮನನ್ನು ಒಬ್ಬರೇ ಎತ್ತುವ ಮಾತೇ ಇಲ್ಲ. ವಾಹನದ ವಿಚಾರ ಬಂದಾಗ ದೊಡ್ಡ ನಾಯಿಗೂ ಭಾರದ ನಾಯಿಗೂ ಇರುವ ವ್ಯತ್ಯಾಸ ಇದೇ.

ನಮ್ಮ ತಾಯಿ ಧಾರವಾಡದಲ್ಲಿದ್ದಾರೆ. ವಯಸ್ಸು ೭೮. ಭೀಮ ಬಂದಂದಿನಿಂದ ನಾವು ಮೂವರೂ, ಎಂದರೆ ನಾನು, ನಮ್ಮ ಮನೆಯವರು, ಕಾಲೇಜಿನಲ್ಲಿರುವ ಮಗಳು, ಒಟ್ಟಾಗಿ ಊರಿಗೆ ಹೋದದ್ದೇ ಇಲ್ಲ. ನಾಯಿಗಳ ವಸತಿಗೃಹದಲ್ಲಿ ಒಮ್ಮೆ ಬಿಟ್ಟು ನೋಡಿದೆವು. ಮೂರು ದಿನ ಅನ್ನ ಮುಟ್ಟಲಿಲ್ಲವೆಂದು ಅವರೇ ಫೋನು ಮಾಡಿ ಕರೆಸಿಕೊಂಡರು. ಹೀಗಾಗಿ ನಾನು ಊರಿಗೆ ಹೋದರೆ ಅವಳು ಇಲ್ಲಿ, ಅವಳು ಹೋದರೆ ನಾನು ಇಲ್ಲಿ. ತಾಯಿ ಫೋನಿನಲ್ಲಿ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು: "ಆ ನಾಯೀನ್ನೂ ಕರಕೊಂಡ ಬಾರಪಾ. ಹಿತ್ತಲ ಇಷ್ಟ ದೊಡ್ಡದದ. ನಿಮ್ಮನ್ನೆಲ್ಲಾ ಒಮ್ಮೆ ಒಟ್ಟಿಗೆ ನೋಡಬೇಕನಸೇದ."

ರೈಲಿನಲ್ಲಿ ಒಯ್ಯಬಾರದೇಕೆ ಎಂದು ನೀವು ಕೇಳಬಹುದು. ಒಯ್ಯಬಹುದು. ಹವಾನಿಯಂತ್ರಿತ ಪ್ರಥಮ ದರ್ಜೆಯಲ್ಲಿ ಎರಡು ಅಥವಾ ನಾಲ್ಕು ಮಲಗುವ ಸ್ಥಳಗಳ ಕೋಣೆಯನ್ನು ಇಡಿಯಾಗಿ ನಮ್ಮದೇ ಮಾಡಿಕೊಂಡರೆ ನಾಯಿಯನ್ನು ಜೊತೆಗೆ ಇರಿಸಿಕೊಳ್ಳಲು ರೈಲ್ವೆ ಅವಕಾಶ ಕೊಡುತ್ತದೆ. ಇಲ್ಲವಾದರೆ ಗಾರ್ಡಿನ ಬ್ರೇಕ್‌ವ್ಯಾನಿನಲ್ಲಿರುವ ನಾಯಿಯ ಪೆಟ್ಟಿಗೆ. ಆದರೆ ಇಡೀ ಕೋಣೆ ನಮಗೇ ಸಿಕ್ಕಿತೋ ಇಲ್ಲವೋ ಎಂಬುದು ಚಾರ್ಟು ತಯಾರಾಗುವವರೆಗೆ ಖಚಿತವಿಲ್ಲ; ಪ್ರಥಮ ದರ್ಜೆಯೇ ಇಲ್ಲದ ಗಾಡಿಗಳು ಎಷ್ಟೋ. ಇನ್ನು ಆ ಪೆಟ್ಟಿಗೆಯ ಬಾಗಿಲನ್ನು ನಾನು ಸ್ಟೇಶನ್ನಿನಲ್ಲಿ ಒಮ್ಮೆ ಬಗ್ಗಿ ನೋಡಿ ಬಂದೆ. ಅದರಲ್ಲಿ ಭೀಮನನ್ನು ತುರುಕಲು ನನಗೆ ಮನಸ್ಸು ಬರಲಿಲ್ಲ.

ಹಾಗಾದರೆ ಸ್ವಂತ ಕಾರು? ನಮ್ಮಲ್ಲಿ ಒಂದು ಪುಟ್ಟ ಕಾರಿತ್ತು. ಭೀಮ ಅದರ ಹಿಂದಿನ ಸೀಟಿನಲ್ಲಿ ಕಾಲು ಮಡಿಚಿ, ಬೆನ್ನು ಬಗ್ಗಿಸಿ, ತಲೆಯನ್ನು ನನ್ನ ಭುಜದ ಮೇಲಿಟ್ಟು ಕೂಡುತ್ತಿದ್ದ. ಡಾಕ್ಟರರ ಬಳಿಗೆ ಮೂರು ಕಿಲೋಮೀಟರು ಹೀಗೆ ಹೋಗಿ ಬರುತ್ತಿದ್ದೆವು. "ನಡೀತದಲ್ಲ, ಸಾಕು" ಎಂದುಕೊಂಡಿದ್ದೆ. ನಡೆಯುತ್ತಿದ್ದುದು ನಾಯಿಯ ಸೈರಣೆಯಿಂದ, ಕಾರಿನ ಗುಣದಿಂದಲ್ಲ. ಇದು ನನಗೆ ತಿಳಿದದ್ದು ಹೋದ ವರ್ಷ ಜ್ಯೇಷ್ಠ ಮಾಸದ ಒಂದು ರಾತ್ರಿ.

ಅಂದು ರಾತ್ರಿ ಊಟವಾಗಿ ಒಂದು ತಾಸಾಗಿರಬಹುದು. ಭೀಮ ನಿಂತಲ್ಲಿ ನಿಲ್ಲದೆ ಅತ್ತಿಂದಿತ್ತ ತಿರುಗತೊಡಗಿದ. ವಾಂತಿ ಬಂದಂತೆ ಓಕರಿಸುತ್ತಾನೆ, ಏನೂ ಬರುವುದಿಲ್ಲ, ಬಾಯಿಂದ ಜೊಲ್ಲು. ಹೊಟ್ಟೆ ಡೊಳ್ಳಿನಂತೆ ಬಿಗಿದುಕೊಂಡಿತು. ಅರ್ಧ ಗಂಟೆಯಲ್ಲಿ ಅವನು ನೆಲಕ್ಕೆ ಒರಗಿದ. ಡಾಕ್ಟರರಿಗೆ ಫೋನು ಮಾಡಿದೆ. "ಆಳವಾದ ಎದೆಯ ದೊಡ್ಡ ನಾಯಿಗಳಿಗೆ ಬರುವ ರೋಗ ಇದು. ಜಠರದಲ್ಲಿ ಗಾಳಿ ತುಂಬಿ ಅದು ತಿರುಚಿಕೊಳ್ಳುತ್ತದೆ. ಒಂದು ನಿಮಿಷವೂ ತಡಮಾಡಬೇಡಿ, ಶಸ್ತ್ರಕ್ರಿಯೆಗೆ ಸಿದ್ಧಮಾಡಿಕೊಳ್ಳುತ್ತೇನೆ" ಎಂದರು.

ನಾನೂ ಮಗಳೂ ಅವನನ್ನು ಕಾರಿನವರೆಗೆ ಎಳೆದೆವು. ಬಾಗಿಲು ತೆಗೆದೆವು. ಅಷ್ಟೇ. ತಾನಾಗಿ ಮಡಿಚಿಕೊಂಡು ಕೂಡುತ್ತಿದ್ದ ನಾಯಿ ಬೇರೆ, ಕಟ್ಟಿಗೆಯಂತೆ ಚಾಚಿ ಬಿದ್ದ ೬೨ ಕಿಲೋ ಬೇರೆ. ಆ ಸಣ್ಣ ಬಾಗಿಲಿನಲ್ಲಿ ಅವನ ಎದೆಯೇ ಹಿಡಿಯಲಿಲ್ಲ, ಒತ್ತಿದರೆ ನರಳುತ್ತಿದ್ದ. ಟ್ಯಾಕ್ಸಿಗಳನ್ನು ಕರೆದೆವು. ಇಬ್ಬರು ಬಂದರು, ನೋಡಿದರು, ಹೋದರು. ಅವರನ್ನು ದೂರುವುದೇಕೆ? ಅವರ ಗಾಡಿಗಳೂ ನಮ್ಮದರಂಥವೇ. ಕೊನೆಗೆ ನಮ್ಮ ಓಣಿಯ ತರಕಾರಿಯವನು ಕೂಗು ಕೇಳಿ ಎದ್ದು ಬಂದ. ಅವನ ಹತ್ತಿರ ಎಲ್ಲರೂ ಛೋಟಾ ಹಾಥಿ ಎಂದು ಕರೆಯುವ ಪುಟ್ಟ ಸಾಮಾನಿನ ಗಾಡಿ ಇತ್ತು. ಹಿಂದಿನ ಹಲಗೆ ಇಳಿಸಿ, ಜಮಖಾನೆಯ ನಾಲ್ಕು ಮೂಲೆಗಳನ್ನು ನಾಲ್ವರು ಹಿಡಿದು, ಕೋಸಿನ ಎಲೆಗಳ ಮೇಲೆ ಭೀಮನನ್ನು ಮಲಗಿಸಿದೆವು. ನಾನು ಅವನ ಪಕ್ಕದಲ್ಲಿಯೇ ಕುಳಿತೆ.

ಭೀಮ ಬದುಕಿದ. "ಇನ್ನು ಅರ್ಧ ಗಂಟೆ ಹೋಗಿದ್ದರೆ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ" ಎಂದರು ಡಾಕ್ಟರು. ತರಕಾರಿಯವನು ಬಾಡಿಗೆ ತೆಗೆದುಕೊಳ್ಳಲಿಲ್ಲ. ಬೆಳಗಾಗುವ ಹೊತ್ತಿಗೆ ಮನೆಗೆ ಬಂದು ಅಂಗಳದಲ್ಲಿ ನಿಂತ ನಮ್ಮ ಕಾರನ್ನು ನೋಡಿದಾಗ ನನಗೆ ನಾಚಿಕೆಯಾಯಿತು. ಆರು ವರ್ಷ ಈ ಕಾರಿನಲ್ಲಿ ನಾಯಿ ಹಿಡಿಯುತ್ತದೆಯೆ ಎಂದು ಮಾತ್ರ ನೋಡಿದ್ದೆ. ನಾಯಿಗೆ ಏಳಲಾಗದ ದಿನ ಈ ಕಾರು ಕೆಲಸಕ್ಕೆ ಬರುತ್ತದೆಯೆ ಎಂದು ಒಮ್ಮೆಯೂ ನೋಡಿರಲಿಲ್ಲ.

ದೊಡ್ಡ ನಾಯಿ ಸಾಕಿದವರು ವಾಹನ ಕೊಳ್ಳುವಾಗ ನೆನಪಿಡಬೇಕಾದದ್ದು ಇದೊಂದೇ. ಬಾಲ ಅಲ್ಲಾಡಿಸುತ್ತ ನೆಗೆದು ಹತ್ತುವ ನಾಯಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಗಾಡಿ ಆರಿಸಬೇಡಿ. ಉದ್ದಕ್ಕೆ ಮಲಗಿದ, ತಾನಾಗಿ ಏಳಲಾರದ ನಾಯಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಆರಿಸಿ. ಇಂಥ ದೈತ್ಯ ತಳಿಗಳ ಆಯುಸ್ಸು ಎಂಟು ಹತ್ತು ವರ್ಷ. ಬೇಗ ಬೆಳೆಯುತ್ತವೆ, ಬೇಗ ಮುದಿಯಾಗುತ್ತವೆ. ಸೊಂಟದ ಕೀಲು, ಮೊಣಕಾಲು ಮೊದಲು ಕೈಕೊಡುತ್ತವೆ. ಇಂದು ನೆಗೆಯುವ ನಾಯಿ ನಾವು ಕೊಂಡ ಗಾಡಿ ಹಳತಾಗುವ ಮೊದಲೇ ನೆಗೆಯಲಾರದ್ದಾಗುತ್ತದೆ.

ಈ ನಿಶ್ಚಯ ಮಾಡಿಕೊಂಡು ನಾವು ಗಾಡಿ ಹುಡುಕಲು ಹೊರಟೆವು. ಮೊದಲ ಕೆಲಸ ಅಳತೆ. ಭೀಮ ಪಕ್ಕಕ್ಕೆ ಒರಗಿ ಕಾಲು ಚಾಚಿ ಮಲಗಿದ್ದಾಗ ಮಗಳು ಟೇಪು ಹಿಡಿದಳು. ಮೂಗಿನಿಂದ ಬಾಲದ ಬುಡದವರೆಗೆ ೧೩೦ ಸೆಂ.ಮೀ.; ಬೆನ್ನಿನಿಂದ ಚಾಚಿದ ಪಂಜದವರೆಗೆ ೯೦. ನಮ್ಮ ಮನೆಯಲ್ಲಿ ನವಲಗುಂದದ ಹಳೆಯ ಜಮಖಾನೆ ಒಂದಿದೆ. ಅಂದು ರಾತ್ರಿ ಭೀಮನನ್ನು ಹೊತ್ತದ್ದೂ ಅದೇ. ಅದನ್ನು ಈ ಅಳತೆಗೆ ಸರಿಯಾಗಿ ಮಡಿಚಿ ನಾಲ್ಕು ಹೊಲಿಗೆ ಹಾಕಿದಳು ನಮ್ಮಾಕೆ. ಅಲ್ಲಿಂದ ಮುಂದೆ ಪ್ರತಿ ಭಾನುವಾರ ಜಮಖಾನೆಯನ್ನು ಕಂಕುಳಲ್ಲಿ ಇರುಕಿಕೊಂಡು ಷೋರೂಮುಗಳ ಯಾತ್ರೆ.

ಷೋರೂಮಿನ ಹುಡುಗರ ಮುಖ ನೀವು ನೋಡಬೇಕಾಗಿತ್ತು. ಮೈಲೇಜು ಕೇಳುವವರನ್ನು ಅವರು ಕಂಡಿದ್ದಾರೆ, ಬಣ್ಣ ಕೇಳುವವರನ್ನು ಕಂಡಿದ್ದಾರೆ. ಡಿಕ್ಕಿಯಲ್ಲಿ ಜಮಖಾನೆ ಹಾಸಿ, ಅದರ ಮೇಲೆ ತಾವೇ ಅಡ್ಡ ಬಿದ್ದು, "ಇಲ್ಲಿ ಮೊಣಕಾಲು ತಗಲುತ್ತದೆ" ಎನ್ನುವ ಗಿರಾಕಿಯನ್ನು ಕಂಡಿರಲಿಲ್ಲ. ಒಬ್ಬ ಹುಡುಗ, "ಸಾಹೇಬರೇ, ಈ ಗಾಡಿಯ ಡಿಕ್ಕಿ ಇಷ್ಟು ನೂರು ಲೀಟರು" ಎಂದು ಹೆಮ್ಮೆಯಿಂದ ಹೇಳಿದ. "ಭೀಮ ಎಷ್ಟು ಲೀಟರಪ್ಪಾ?" ಎಂದು ನಮ್ಮಾಕೆ ಕೇಳಿದಳು. ಅವನು ನಕ್ಕ. ಆದರೆ ಪ್ರಶ್ನೆ ನಗೆಯದಲ್ಲ. ಲೀಟರಿನ ಲೆಕ್ಕ ಪೆಟ್ಟಿಗೆ ಗಂಟುಗಳಿಗೆ ಸರಿ. ಸಂದಿಗೊಂದಿಯನ್ನೂ ಸೇರಿಸಿ ಹೇಳುತ್ತಾರೆ. ನಾಯಿಗೆ ಬೇಕಾದದ್ದು ಸಮತಟ್ಟಾದ ಒಂದು ತುಂಡು ನೆಲ.

ನಾವು ನೋಡಿದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ.

ಹಿಂದೆ ಬೇರೆ ಡಿಕ್ಕಿಯಿರುವ ಸೆಡಾನ್ ಕಾರು ನಮಗೆ ಕೆಲಸಕ್ಕೆ ಬಾರದು. ಮುಚ್ಚಿದ ಡಿಕ್ಕಿಯಲ್ಲಿ ಯಾವ ಪ್ರಾಣಿಯನ್ನೂ ಎಂದೂ ಇಡಕೂಡದು, ಗಾಳಿ ಇಲ್ಲ. ಹಿಂದಿನ ಸೀಟು ಅರ್ಧ ಮೀಟರಿನಷ್ಟು ಮಾತ್ರ ಆಳ. ಭೀಮನಂಥವನು ಮಲಗಿದರೆ ಅರ್ಧ ಮೈ ಸೀಟಿನ ಮೇಲೆ, ಅರ್ಧ ಕಾಲಿಡುವ ಹಳ್ಳದಲ್ಲಿ.

ಆಮೇಲೆ ಎತ್ತರದ ದೊಡ್ಡ ಜೀಪಿನಂಥ ಗಾಡಿಗಳು. ಈಗಿನ ಕಾಲದಲ್ಲಿ ಎಲ್ಲರ ಕಣ್ಣೂ ಇವುಗಳ ಮೇಲೆಯೇ. ನನಗೂ ಒಂದರ ಮೇಲೆ ಮನಸ್ಸಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಅದರ ಗತ್ತೇ ಗತ್ತು. ಹಿಂಬಾಗಿಲು ತೆಗೆದು ಟೇಪು ಹಿಡಿದೆವು. ನೆಲದಿಂದ ೭೫ ಸೆಂ.ಮೀ. ಎತ್ತರ! ನನ್ನ ಸೊಂಟಕ್ಕೆ ಹತ್ತಿರ. ಅಷ್ಟೆತ್ತರದಿಂದ ೬೨ ಕಿಲೋದ ನಾಯಿ ದಿನವೂ ಧುಮುಕಿದರೆ ಅದರ ಮುಂಗಾಲುಗಳ ಗತಿಯೇನು? ಸಾಲದ್ದಕ್ಕೆ ಹಿಂದಿನ ಗಾಜು ಮುಂದಕ್ಕೆ ಓರೆಯಾಗಿ ಬಂದಿತ್ತು. ನೆಲದಲ್ಲಿ ಜಾಗ ಇತ್ತು, ಮೇಲೆ ತಲೆಗೆ ಜಾಗವಿಲ್ಲ. ನಾನಿನ್ನೂ ಅದರ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದಾಗ ನಮ್ಮಾಕೆ, "ಏನ್ರೀ, ಗಾಡಿ ನಿಮಗ ಬೇಕೋ ಭೀಮಗ ಬೇಕೋ, ಮೊದಲ ಅದನ್ನ ಹೇಳ್ರಿ" ಎಂದಳು. ನಾನು ಜಮಖಾನೆ ಎತ್ತಿಕೊಂಡೆ.

ಮೂರನೆಯದು ವ್ಯಾನು. ೧೯೮೪ರಿಂದ ೨೦೧೯ರವರೆಗೆ ಮಾರುತಿ ಓಮ್ನಿ ಎಷ್ಟು ಮನೆಗಳ ಮದುವೆ ಮುಂಜಿಗಳನ್ನು ಹೊತ್ತಿಲ್ಲ! ೨೦೧೦ರಲ್ಲಿ ಬಂದ ಅದರ ತಮ್ಮ ಈಕೋ. ಪಕ್ಕಕ್ಕೆ ಸರಿಯುವ ಅಗಲ ಬಾಗಿಲು, ಚೌಕಾದ ಹಿಂಭಾಗ, ತಲೆಗೆ ಧಾರಾಳ ಎತ್ತರ. ಜಮಖಾನೆ ಇಲ್ಲಿ ಮೂಲೆ ಮುರಿಯದೆ ಹಾಸಿಕೊಂಡಿತು. ಊರೊಳಗೆ ಓಡಾಡುವವರಿಗೆ, ಕೈ ಬಿಗಿಯಾಗಿರುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ಇಂಥ ವ್ಯಾನಿನಲ್ಲಿ ಎಂಜಿನು ಮುಂದಿನ ಸೀಟಿನ ಕೆಳಗೇ ಇರುವುದರಿಂದ ಅದರ ಕಾವು ಒಳಗೇ ತಟ್ಟುತ್ತದೆ. ನಾವು ನೋಡಿದ ವ್ಯಾನಿನಲ್ಲಿ ತಂಪು ಗಾಳಿಯ ಕಿಂಡಿಗಳು ಮುಂದೆ ಮಾತ್ರ ಇದ್ದವು. ಪುಣೆಯಿಂದ ಧಾರವಾಡಕ್ಕೆ ೪೦೦ ಕಿಲೋಮೀಟರಿಗೂ ಹೆಚ್ಚು ದಾರಿ. ಅಷ್ಟು ಹೊತ್ತು ಹಿಂದೆ ಮಲಗಿದ ನಾಯಿಗೆ ಇದು ಸಾಲದೆನಿಸಿತು.

ಕಾವಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಂಜದ ಅಡಿಯಲ್ಲಿ ಒಂದಿಷ್ಟು ಅಷ್ಟೇ. ನಾಲಿಗೆ ಚಾಚಿ ಏದುಸಿರು ಬಿಡುವುದೇ ಅದರ ಫ್ಯಾನು. ಹೊರಗೆ ೩೫ ಡಿಗ್ರಿ ಇದ್ದಾಗ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಹತ್ತು ನಿಮಿಷದಲ್ಲಿ ಸುಮಾರು ೪೫, ಅರ್ಧ ಗಂಟೆಯಲ್ಲಿ ಸುಮಾರು ೫೪ ಡಿಗ್ರಿಯಾಗುತ್ತದೆ. ಗಾಜನ್ನು ಎರಡು ಬೆರಳು ಇಳಿಸಿಟ್ಟರೆ ಹೆಚ್ಚು ವ್ಯತ್ಯಾಸವಾಗದು. "ಒಂದು ಚಹಾ ಕುಡಿದು ಬಂದೆ" ಎನ್ನುವಷ್ಟರಲ್ಲಿ ಪ್ರಾಣ ಹೋಗಬಹುದು. ಯಾವ ಗಾಡಿಯಾದರೂ ಸರಿ, ನಾಯಿಯನ್ನು ಒಳಗೆ ಬಿಟ್ಟು ಎಲ್ಲರೂ ಇಳಿಯಬಾರದು. ನಮ್ಮಲ್ಲಿ ಚಹಾ ಈಗ ಸರದಿಯ ಮೇಲೆ.

ಕೊನೆಗೆ ನಾವು ಆರಿಸಿದ್ದು ಮೂರು ಸಾಲಿನ ಏಳು ಸೀಟಿನ ಗಾಡಿ. ಹೊಸದಲ್ಲ, ಐದು ವರ್ಷ ಓಡಿದ್ದು. ಇಂಥವುಗಳಲ್ಲಿಯೂ ಭೇದವಿದೆ, ಹೇಳಿದರೆ ಕೆಲವರಿಗೆ ಉಪಯೋಗವಾದೀತು. ಇನ್ನೋವಾ ಕ್ರಿಸ್ಟಾದಂಥ ಗಾಡಿಯಲ್ಲಿ ಮೂರನೆಯ ಸಾಲು ಎರಡು ಭಾಗವಾಗಿ ಎದ್ದು ಅಕ್ಕಪಕ್ಕದ ಗೋಡೆಗೆ ಒರಗುತ್ತದೆ. ನೆಲ ಸಿಗುತ್ತದೆ, ಅಗಲ ಕಡಿಮೆಯಾಗುತ್ತದೆ. ಎರ್ಟಿಗಾದಂಥದರಲ್ಲಿ ಅದು ಮುಂದಕ್ಕೆ ಮಡಿಚಿ ಮಲಗುತ್ತದೆ, ಅಗಲ ಉಳಿಯುತ್ತದೆ. ನಮಗೆ ಅಗಲ ಬೇಕಾಗಿತ್ತು. ಹಿಂಬಾಗಿಲ ಎತ್ತರ ನೆಲದಿಂದ ೬೨ ಸೆಂ.ಮೀ. ಬಂತು. ಹಿಂದಿನ ಸಾಲುಗಳಿಗೂ ತಂಪು ಗಾಳಿ ಬರುತ್ತದೆ. ಆದರೂ ಜಮಖಾನೆಯ ಒಂದು ತುದಿ ಹೊರಗುಳಿಯಿತು. ನಡುವಿನ ಸಾಲಿನ ಒಂಟಿ ಸೀಟನ್ನೂ ಮಡಿಚಿದಾಗ ಓರೆಯಾಗಿ ಹಾಸಿಕೊಂಡಿತು. ಮಗಳಿಗೆ ಪಕ್ಕದಲ್ಲಿ ಎರಡು ಸೀಟು ಉಳಿದವು.

ಮಡಿಚಿದ ಸೀಟುಗಳ ನಡುವೆ ತಗ್ಗು ಉಬ್ಬು ಇದ್ದೇ ಇರುತ್ತದೆ. ಬಡಗಿಯಿಂದ ಒಂದು ಪ್ಲೈವುಡ್ ಹಲಗೆ ಕೊಯ್ಯಿಸಿ ಮೇಲೆ ಹಾಸಿದೆವು. ಅದರ ಮೇಲೆ ಜಾರದ ರಬ್ಬರು ಚಾಪೆ, ಅದರ ಮೇಲೆ ಜಮಖಾನೆ. ಸೀಟುಗಳನ್ನು ಕಿತ್ತೇ ಹಾಕೋಣವೆಂದು ಮೆಕ್ಯಾನಿಕ್ಕು ಹೇಳಿದ. ಕೇಳಬೇಡಿ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನಂತೆ ನೋಂದಣಿ ಪುಸ್ತಕದಲ್ಲಿರುವುದಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಕೂಡದು. ಮಡಿಚುವುದಕ್ಕೆ, ಹಲಗೆ ಹಾಸಿ ತೆಗೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಹತ್ತಲು ಇಳಿಜಾರು ಹಲಗೆ ಮಾಡಿಸಿದೆವು. ಇದರಲ್ಲಿ ಒಂದು ಚಿಕ್ಕ ಗಣಿತವಿದೆ. ೧೮೦ ಸೆಂ.ಮೀ. ಉದ್ದದ ಹಲಗೆಯನ್ನು ಆ ಎತ್ತರದ ಗಾಡಿಗೆ ಒರಗಿಸಿದರೆ ೨೫ ಡಿಗ್ರಿ ಏರು, ನಮ್ಮದಕ್ಕೆ ಒರಗಿಸಿದರೆ ೨೦. ಕಾಗದದ ಮೇಲೆ ಐದು ಡಿಗ್ರಿ ಏನೂ ಅಲ್ಲ. ಸೊಂಟ ನೋಯುವ ನಾಯಿಗೆ ಹತ್ತುತ್ತೇನೆ ಎನ್ನುವುದಕ್ಕೂ ಒಲ್ಲೆ ಎನ್ನುವುದಕ್ಕೂ ಅಷ್ಟೇ ಸಾಕು. ಭೀಮ ಮೊದಲ ನಾಲ್ಕು ದಿನ ಒಲ್ಲೆ ಎಂದ. ಹಲಗೆಯನ್ನು ಅಂಗಳದಲ್ಲಿ ಸಪಾಟಾಗಿ ಹಾಸಿ ಅದರ ಮೇಲೆ ನಡೆಸಿದೆವು, ಆಮೇಲೆ ಒಂದು ಇಟ್ಟಿಗೆ, ಆಮೇಲೆ ಎರಡು. ಹದಿನೈದು ದಿನಕ್ಕೆ ತಾನೇ ಹತ್ತಿ ಒಳಗೆ ಮಲಗಿ, ಇಳಿ ಎಂದರೆ ಇಳಿಯದಾದ.

ಇನ್ನು ಕಟ್ಟುವ ವಿಚಾರ. "ಪಾಪ, ನಾಯಿಯನ್ನು ಕಟ್ಟುತ್ತೀರಾ?" ಎಂದು ನೆರೆಯವರು ಕೇಳಿದರು. ತಾಸಿಗೆ ೫೦ ಕಿಲೋಮೀಟರು ವೇಗದಲ್ಲಿ ಹೋಗುತ್ತಿರುವ ಗಾಡಿ ಎದುರಿನದಕ್ಕೆ ಬಡಿದು ಥಟ್ಟನೆ ನಿಂತರೆ, ಒಳಗಿನ ಸಡಿಲ ವಸ್ತು ಅದೇ ವೇಗದಲ್ಲಿ ಮುಂದೆ ಹೋಗುತ್ತದೆ. ಅದು ಸುಮಾರು ಹತ್ತು ಮೀಟರು ಎತ್ತರದಿಂದ, ಎಂದರೆ ಮೂರನೆಯ ಮಹಡಿಯಿಂದ, ೬೨ ಕಿಲೋದ ಮೂಟೆ ನಮ್ಮ ಬೆನ್ನಿನ ಮೇಲೆ ಬಿದ್ದಂತೆ. ನಾಯಿಗೂ ಉಳಿವಿಲ್ಲ, ನಮಗೂ ಇಲ್ಲ. ಕೊರಳಪಟ್ಟಿಗೆ ಎಂದೂ ಕಟ್ಟಬೇಡಿ, ಕತ್ತು ಮುರಿದೀತು. ಎದೆಗೂ ಬೆನ್ನಿಗೂ ಸುತ್ತಿ ಬರುವ ಅಗಲವಾದ ಎದೆಪಟ್ಟಿ ಹಾಕಿ, ಅದನ್ನು ಸೀಟುಬೆಲ್ಟಿನ ಗಟ್ಟಿ ಕೊಂಡಿಗೆ ಸಿಕ್ಕಿಸಿ. ಮುಂದಿನವರಿಗೂ ನಾಯಿಗೂ ನಡುವೆ ಉಕ್ಕಿನ ಜಾಲರಿ ಇದ್ದರೆ ಇನ್ನೂ ಉತ್ತಮ. ಗಾಡಿ ಎಷ್ಟು ಭಾರ ಹೊರಬಹುದು ಎಂಬ ಲೆಕ್ಕದಲ್ಲಿ ಇಂಥ ನಾಯಿಯನ್ನು ಒಬ್ಬ ಮನುಷ್ಯನೆಂದೇ ಎಣಿಸಿ.

ಕಾಗದಪತ್ರವೂ ಬೇಕು. ೧೯೭೮ರ ಪ್ರಾಣಿ ಸಾಗಣೆ ನಿಯಮಗಳಂತೆ, ನಾಯಿ ಪ್ರಯಾಣಕ್ಕೆ ಯೋಗ್ಯವಾಗಿದೆ, ಅಂಟುರೋಗವಿಲ್ಲ ಎಂಬ ಪಶುವೈದ್ಯರ ಸರ್ಟಿಫಿಕೇಟು ಜೊತೆಯಲ್ಲಿರಬೇಕು. ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಪುಸ್ತಕವನ್ನೂ ಇಟ್ಟುಕೊಳ್ಳಿ. ಹೊರಡುವ ಮುಂಚೆ ಹೊಟ್ಟೆ ತುಂಬ ಹಾಕಬೇಡಿ. ಭೀಮನ ಕಥೆ ಕೇಳಿದ ಮೇಲೆ ಕಾರಣ ಹೇಳಬೇಕಾಗಿಲ್ಲ.

ಹೋದ ಮಾರ್ಗಶಿರದಲ್ಲಿ ಒಂದು ದಿನ ನಸುಕಿನ ನಾಲ್ಕು ಗಂಟೆಗೆ ನಾವು ಮೂವರೂ ಭೀಮನೂ ಹೊರಟೆವು. ಖಂಬಾಟ್ಕಿ ಘಾಟಿನ ತಿರುವುಗಳಲ್ಲಿ ಅವನು ಒಮ್ಮೆ ಎದ್ದು ನಿಂತ. ಮಗಳು ಬೆನ್ನ ಮೇಲೆ ಕೈಯಿಟ್ಟಳು, ಮತ್ತೆ ಮಲಗಿದ. ಎರಡು ತಾಸಿಗೊಮ್ಮೆ ನಿಲ್ಲಿಸಿ ನೀರು ಕುಡಿಸಿ ನಡೆದಾಡಿಸಿದೆವು. ಸಾತಾರೆಯಲ್ಲಿ ಅವನ ಸುತ್ತ ಶಾಲೆಯ ಮಕ್ಕಳೆಲ್ಲ ಸೇರಿದರು. ಕೊಲ್ಹಾಪುರ ದಾಟಿ ನಿಪ್ಪಾಣಿ ಬಂದಾಗ ಅಂಗಡಿಯ ಹಲಗೆಗಳ ಮೇಲೆ ಕನ್ನಡ ಕಾಣಿಸಿತು. ಪ್ರತಿ ಸಲವೂ ಇಲ್ಲಿ ನಮ್ಮಾಕೆಗೆ ಮಾತು ಹೆಚ್ಚಾಗುತ್ತದೆ. ಈ ಸಲ ಅವಳು ಸುಮ್ಮನಿದ್ದಳು. ನೋಡಿದರೆ ಕಣ್ಣೊರಸಿಕೊಳ್ಳುತ್ತಿದ್ದಳು. "ಆರು ವರ್ಷ ಆತ್ರೀ, ಎಲ್ಲಾರೂ ಕೂಡಿ ಈ ದಾರಿಗೆ ಬಂದು" ಎಂದಳು.

ಧಾರವಾಡದಲ್ಲಿ ತಾಯಿ ಗೇಟಿಗೇ ಬಂದು ನಿಂತಿದ್ದರು. ನಾವು ಇಳಿದೆವು, ಹಿಂದಿನ ಬಾಗಿಲು ತೆಗೆದೆವು, ಹಲಗೆ ಇಳಿಸಿದೆವು. ಭೀಮ ರಾಜಗಾಂಭೀರ್ಯದಿಂದ ಕೆಳಗೆ ಬಂದ. ತಾಯಿ ಒಂದು ಹೆಜ್ಜೆ ಹಿಂದೆ ಸರಿದರು. "ಅಯ್ಯ ಶಿವನೆ, ಇದು ನಾಯೀನೋ ಕುದರೀನೋ!" ಎಂದರು. ಆಮೇಲೆ ಅವರ ಕೈಯಲ್ಲಿದ್ದ ಪೇಡೆ ಯಾರ ಬಾಯಿಗೆ ಹೋಯಿತೆಂಬುದನ್ನು ಡಾಕ್ಟರರಿಗೆ ನಾವು ತಿಳಿಸಿಲ್ಲ.

ಹತ್ತು ದಿನ ಕಳೆದು ಹೊರಡುವ ದಿನ ಬಂತು. ಮೊಣಕಾಲು ನೋವೆಂದು ತಾಯಿ ನಾಲ್ಕು ವರ್ಷಗಳಿಂದ ಪುಣೆಗೆ ಬಂದಿರಲಿಲ್ಲ. ರೈಲಿನ ಮೆಟ್ಟಲು ಹತ್ತಲಾರೆ ಎನ್ನುತ್ತಿದ್ದರು. ಅಂದು ಭೀಮ ಹಲಗೆಯ ಮೇಲೆ ಹೆಜ್ಜೆ ಹೆಜ್ಜೆಯಾಗಿ ಹತ್ತುವುದನ್ನು ನೋಡುತ್ತ ನಿಂತಿದ್ದವರು ನಿಧಾನವಾಗಿ ಪಕ್ಕದ ಬಾಗಿಲ ಬಳಿ ಬಂದು, ಒಳಗೆ ಕೈಯಿಟ್ಟು ಸೀಟಿನ ಎತ್ತರ ನೋಡಿದರು. "ಅವನಿಗೆ ಮಾಡಿದಂಗ ನನಗೊಂದು ಸಣ್ಣ ಮಣೆ ಇಟ್ಟರ, ನಾನೂ ಹತ್ತತೇನೋ ಏನೋ ನೋಡಪಾ" ಎಂದರು.

ಅಡಿಗೆಮನೆಯ ಮಣೆಯನ್ನೇ ತಂದು ಇಟ್ಟೆವು. ತಾಯಿ ಹತ್ತಿದರು. ಮೊಮ್ಮಗಳ ಪಕ್ಕದಲ್ಲಿ ಕುಳಿತರು. ಬೆಳಗಾವಿ ಬರುವಷ್ಟರಲ್ಲಿ ಭೀಮನ ತಲೆ ಅವರ ತೊಡೆಯ ಮೇಲಿತ್ತು. ಈಗ ಮೂರು ತಿಂಗಳಿಂದ ಇಲ್ಲಿಯೇ ಇದ್ದಾರೆ. ಮಣೆ ಗಾಡಿಯಲ್ಲಿಯೇ ಇದೆ.

ವಾಚಕ ಬಂಧುಗಳಲ್ಲಿ ಯಾರ ಮನೆಯಲ್ಲಾದರೂ ಇಂಥ ಭೀಮನಿದ್ದರೆ, ಮುಂದಿನ ಭಾನುವಾರ ಷೋರೂಮಿಗೆ ಹೋಗುವ ಮುನ್ನ ಅವನು ಮಲಗಿದ್ದಾಗ ಟೇಪು ಹಿಡಿಯಿರಿ. ಮನೆಯಲ್ಲಿ ಹಿರಿಯರಿದ್ದರೆ ಅವರ ಮೊಣಕಾಲ ಎತ್ತರವನ್ನೂ ಅದೇ ಚೀಟಿಯಲ್ಲಿ ಬರೆದುಕೊಳ್ಳಿ. ಜಮಖಾನೆ ಬೇಕಾದವರು ನಮ್ಮ ಮನೆಗೆ ಬಂದು ಒಯ್ಯಬಹುದು. ಭೀಮ ಅದರ ಮೇಲೆ ಮಲಗಿರದಿದ್ದರೆ.